ಮಗುಚಿಟ್ಟ ಬೆಳ್ಳಿ ಡಾಲರು

“ಬೆರಳು ತೆಗಿಯಮ್ಮಾ ಡೆಪ್ಯುಟಿ. ಅದೇನು ಹುಳುಕು ಹಲ್ಲಾ, ಅಷ್ಟೊತ್ತಿಂದ ಕೆದಕ್ತಾ ಕೂತಿದೀಯ?”

ಬಾರಿನ ಮಾಲೀಕ ಲೋವೆಲ್ ಹಾಕಿಂಗ್ ಕೈಯಲ್ಲಿ ಉಳಿ ಹಿಡಿದು ಕಾಯುತ್ತಿದ್ದ. ನಾನು ಅವನ ಕೌಂಟರಿನ ಮೇಲೆ ಬಗ್ಗಿ, ಮರದಲ್ಲಿದ್ದ ಖಾಲಿ ಗುಳಿಯ ಅಂಚನ್ನು ಸವರುತ್ತಿದ್ದೆ.

ಈ ಗುಳಿಯಲ್ಲಿದ್ದ ಬೆಳ್ಳಿ ಡಾಲರು ಹೋದ ಶುಕ್ರವಾರ ಕಾಣೆಯಾಗಿತ್ತು. ಬೆಳಗ್ಗೆ ಬಾರು ಗುಡಿಸುವ, ಫಿನ್‌ಲೆಂಡಿನಿಂದ ಬಂದ ಮುದುಕ ಟೋಯ್ವೊ ಲಹ್ತಿಯ ಮೇಲೆ ಗುಮಾನಿ ಬಿದ್ದು, ನಮ್ಮ ಷೆರಿಫ್ ಅವನನ್ನು ಲಾಕಪ್ಪಿಗೆ ತಳ್ಳಿದ್ದರು. ಇವತ್ತು ಮಧ್ಯಾಹ್ನ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಜೀವಮಾನವಿಡೀ ಗಣಿಯ ಧೂಳು ಕುಡಿದ ಎದೆ ಅವನದು. ಜೈಲಿಗೆ ಹೋದರೆ ಮುಂದಿನ ಚಳಿಗಾಲ ನೋಡುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಇಷ್ಟಾದರೂ ಮುದುಕ ಬಾಯಿ ಬಿಟ್ಟಿರಲಿಲ್ಲ. ‘ನಾನು ಕದ್ದಿಲ್ಲ’ ಎಂಬ ಎರಡು ಮಾತು ಹೇಳಲೂ ಅವನಿಗೆ ಜಿಪುಣತನ. ಅವನನ್ನು ನೆನೆದರೆ ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ಅಯ್ಯೋ ಅನಿಸುತ್ತಿತ್ತು.

“ಉಳಿ ಯಾಕೆ?” ಎಂದೆ.

“ಉಳಿದದ್ದನ್ನೆಲ್ಲ ಕೀಳೋಕೆ. ಹೋದ ವಾರವೇ ಹೇಳಿದ್ನಲ್ಲ, ಎಲ್ಲ ಮಾರ್ತೀನಿ ಅಂತ. ಹೆದ್ದಾರಿ ಮೋಟೆಲಲ್ಲಿ ಬೆಳ್ಳಿ ಕೊಳ್ಳೋನು ತಕ್ಕಡಿ ಇಟ್ಕೊಂಡು ಕೂತಿದಾನೆ, ಇವತ್ತು ಹೊರಡ್ತಾನಂತೆ. ಒಂದು ಡಾಲರಿಗೆ ಮೂವತ್ತು ಕೊಡ್ತಾನೆ ಕಣಮ್ಮ! ಮೂವತ್ತು!”

“ಇವು ನಿಮ್ಮವಲ್ಲ ಹಾಕಿಂಗ್.”

“ನನ್ನ ಕೌಂಟರಲ್ಲಿ ಇರೋದು ನನ್ನದೇ. ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬರೋರ್ಯಾರು ಹೇಳು? ನೀನು ಬರ್ತೀಯ, ಒಂದು ಬಿಟ್ಟಿ ಕಾಫಿ ಕುಡಿದು ಬೆರಳಾಡಿಸ್ತೀಯ. ಅದರಲ್ಲಿ ಒಲೆ ಉರಿಯುತ್ತಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. 1980ರ ಆ ಜನವರಿಯಲ್ಲಿ ಬೆಳ್ಳಿಯ ಬೆಲೆ ಹುಚ್ಚು ಹಿಡಿದಂತೆ ಏರಿತ್ತು. ನಮ್ಮೂರು ಸಾರೆಲ್ ಗಲ್ಚಿನ ಹೆಂಗಸರು ಅಜ್ಜಿಯ ಚಮಚ, ಮದುವೆಯ ತಟ್ಟೆ ಎಲ್ಲವನ್ನೂ ಕೋಟಿನೊಳಗೆ ಬಚ್ಚಿಟ್ಟುಕೊಂಡು ಮೋಟೆಲಿನತ್ತ ನಡೆಯುತ್ತಿದ್ದರು.

ಆದರೆ ಈ ಕೌಂಟರು ಬೇರೆ. ನಮ್ಮೂರಲ್ಲಿ ಗಣಿಗಿಳಿದವನು ಮೊದಲ ಸಂಬಳದ ಒಂದು ಬೆಳ್ಳಿ ಡಾಲರನ್ನು ಇಲ್ಲಿ ಮರದಲ್ಲಿ ಗುಳಿ ತೋಡಿ, ವಾರ್ನಿಷು ಬಳಿದು ತಾನೇ ಕೂರಿಸುತ್ತಿದ್ದ, ನಾಣ್ಯದ ಮೇಲಿನ ಹೆಣ್ಣಿನ ಮುಖ ಮೇಲೆ ಮಾಡಿ. ಅವನು ಸತ್ತರೆ, ಗಣಿಯೊಳಗೆ ಜೋಡಿಯಾಗಿ ದುಡಿದ ಜೊತೆಗಾರ ಅದನ್ನು ಎಬ್ಬಿಸಿ ಮಗುಚಿಡುತ್ತಾನೆ, ಹಿಂಬದಿಯ ಹದ್ದು ಮೇಲೆ ಬರುವಂತೆ. ಆ ಹೊತ್ತಿನಲ್ಲಿ ಬಾರಿನಲ್ಲಿದ್ದವರೆಲ್ಲ ಟೋಪಿ ತೆಗೆದು ಬೆನ್ನು ತಿರುಗಿಸಿ ನಿಲ್ಲಬೇಕು. ಹೆಂಡತಿ ಕೂಡ ನೋಡುವಂತಿಲ್ಲ. ನಮ್ಮಪ್ಪನ ಡಾಲರು ಮಗುಚಿದ ದಿನ ನಾನು ಗೋಡೆ ನೋಡುತ್ತಾ ನಿಂತಿದ್ದೆ, ಈಗಲೂ ಆ ಗೋಡೆಯ ಬಿರುಕು ನೆನಪಿದೆ.

ಕಾಣೆಯಾದದ್ದು ರಾಡೊವಾನ್ ವುಚಿನಿಚನ ಡಾಲರು. ಅರವತ್ತೊಂದರಲ್ಲಿ ಸುರಂಗ ಕುಸಿದು ಸತ್ತವನು. ಅವನ ಜೊತೆಗಾರ ಟೋಯ್ವೊ.

ಇಡೀ ಕೌಂಟರಿನಲ್ಲಿ ಅದೊಂದೇ ಹೋಗಿತ್ತು. ಬೆಳ್ಳಿಗಾಗಿ ಬಂದ ಕಳ್ಳ ಒಂದನ್ನು ಎತ್ತಿಕೊಂಡು, ಪಕ್ಕದಲ್ಲಿರುವುದಕ್ಕೆ ನಮಸ್ಕಾರ ಹಾಕಿ ಹೋಗುತ್ತಾನೆಯೇ? ಮೂರು ದಿನದಿಂದ ನನ್ನ ತಲೆ ತಿಂದ ಪ್ರಶ್ನೆ ಇದು.

ಗುಳಿಯ ಅಂಚಿನಲ್ಲಿ ಒಂದು ಗೀರೂ ಇರಲಿಲ್ಲ. ಉಳಿ ಹಾಕಿದ್ದರೆ ಮರ ಸೀಳುತ್ತಿತ್ತು. ನಾನು ಕೆನ್ನೆಯನ್ನು ಕೌಂಟರಿಗೆ ತಾಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದೆ. ಗುಳಿಯ ಸುತ್ತ ವಾರ್ನಿಷಿನ ಮೇಲೆ ಬೆಳ್ಳಗಿನ ಒಂದು ದೊಡ್ಡ ಬಳೆ. ಬಿಸಿ ಪಾತ್ರೆ ಇಟ್ಟರೆ ನಮ್ಮಮ್ಮನ ಮೇಜಿನ ಮೇಲೂ ಇಂಥದೇ ಕಲೆ ಬೀಳುತ್ತಿತ್ತು, ಆಮೇಲೆ ನಮಗೆ ಏಟೂ ಬೀಳುತ್ತಿತ್ತು.

ವಾರ್ನಿಷು ಬಿಸಿಗೆ ಮೆತ್ತಗಾದರೆ ನಾಣ್ಯ ಬೆಣ್ಣೆಯಿಂದ ಕೂದಲು ತೆಗೆದಂತೆ ಎದ್ದು ಬರುತ್ತದೆ.

“ಶುಕ್ರವಾರ ಇಲ್ಲಿ ಬಿಸಿ ಏನಿಟ್ಟಿದ್ರಿ?”

“ಶುಕ್ರವಾರ? ಬೀನ್ಸ್ ಕಾಳಿನ ಸಾರು. ಪ್ರತೀ ಶುಕ್ರವಾರ ಮಿಲ್ಕಾ ಕಬ್ಬಿಣದ ಕೊಪ್ಪರಿಗೆಯಲ್ಲಿ ತಂದಿಡ್ತಾಳಲ್ಲ…” ಹಾಕಿಂಗ್ ಅರ್ಧಕ್ಕೇ ನಿಲ್ಲಿಸಿದ. “ಏಯ್, ಬ್ರೀಡಾ ಕ್ವಿಲ್ಟಿ. ಏನು ಯೋಚನೆ ಮಾಡ್ತಿದೀಯ? ಅವಳು ಸತ್ತ ರಾಡೊವಾನನ ಹೆಂಡತಿ ಕಣೇ.”

“ಮಧ್ಯಾಹ್ನದ ಸೈರನ್ ಕೂಗೋವರೆಗೂ ಕೌಂಟರು ಮುಟ್ಟಬೇಡಿ,” ಎಂದು ಟೋಪಿ ಎತ್ತಿಕೊಂಡೆ.

“ಸೈರನ್ ಕೂಗಿದ ಮೇಲೆ?”

“ಆಮೇಲೆ ನಿಮ್ಮ ಪಾಪ ನಿಮಗೆ.”

*

ಔಷಧಿ ಅಂಗಡಿಯ ಲೆಮುಯೆಲ್ ಬ್ರಾಂಟನಿಗೆ ನಾಣ್ಯದ ಹುಚ್ಚು. ಕೆಮ್ಮಿನ ಔಷಧಿ ಕೇಳಿ ಹೋದವನಿಗೂ ಒಂದು ನಾಣ್ಯ ತೋರಿಸದೆ ಬಿಡುವವನಲ್ಲ. ಈ ವಾರ ಮಾತ್ರ ಅವನ ಮುಖ ಸೂತಕದ ಮನೆಯವರಂತೆ ಇಳಿದಿತ್ತು.

“ಕರಗಿಸ್ತಿದಾರೆ ಬ್ರೀಡಾ. ಮೂಟೆ ಮೂಟೆ ಕುಲುಮೆಗೆ ಹಾಕ್ತಿದಾರೆ. ಇಸವಿ ಕೂಡ ನೋಡಲ್ಲ ಆ ಕಟುಕರು!”

“ನೋಡಿದ್ರೆ ಏನಾಗುತ್ತೆ?”

ಅವನು ಡ್ರಾಯರಿನಿಂದ ಎರಡು ಡಾಲರು ತೆಗೆದು ನನ್ನ ಅಂಗೈಗೆ ಹಾಕಿದ. ಎರಡೂ ತಣ್ಣಗೆ, ಭಾರವಾಗಿದ್ದವು.

“ಎರಡೂ ಒಂದೇ ತೂಕ. ಎರಡರಲ್ಲೂ ಹತ್ತಕ್ಕೆ ಒಂಬತ್ತು ಪಾಲು ಬೆಳ್ಳಿ, ಒಂದು ಪಾಲು ತಾಮ್ರ. ತಕ್ಕಡಿಯವನಿಗೆ ಎರಡೂ ಒಂದೇ, ಮೂವತ್ತು ಮೂವತ್ತು. ನನಗೆ ಹಾಗಲ್ಲ. ಒಂದು ವರ್ಷ ಕೋಟಿಗಟ್ಟಲೆ ಹೊಡೆದಿರ್ತಾರೆ, ಇನ್ನೊಂದು ವರ್ಷ ಒಂದು ಟಂಕಸಾಲೆಯಲ್ಲಿ ಬೆರಳೆಣಿಕೆಯಷ್ಟು. ಹದಿನೆಂಟು ನೂರ ತೊಂಬತ್ತಮೂರು, ಸ್ಯಾನ್ ಫ್ರಾನ್ಸಿಸ್ಕೊದ ಟಂಕಸಾಲೆ. ಅದೊಂದು ಸಿಕ್ಕಿದ್ರೆ ಹೊಸ ಪಿಕಪ್ ಗಾಡಿ ಮನೆ ಮುಂದೆ ನಿಲ್ಲಿಸಬಹುದು.”

“ಗುರುತು ಹಿಡಿಯೋದು ಹೇಗೆ?”

“ಇಸವಿ ಹೆಣ್ಣಿನ ಕತ್ತಿನ ಕೆಳಗೆ. ಟಂಕಸಾಲೆಯ ಅಕ್ಷರ ಹಿಂದುಗಡೆ, ಹದ್ದಿನ ಬಾಲದ ಕೆಳಗೆ. ಸ್ಯಾನ್ ಫ್ರಾನ್ಸಿಸ್ಕೊ ಆದ್ರೆ ಒಂದು ಎಸ್.”

ನಾನು ನಾಣ್ಯವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದೆ. ತಿರುಗಿಸುತ್ತಿದ್ದಂತೆ ಒಂದು ಸಂಗತಿ ಹೊಳೆಯಿತು. ಕೌಂಟರಿನಲ್ಲಿ ಕೂತ ಡಾಲರಿನ ಒಂದೇ ಮಗ್ಗುಲು ಕಾಣುತ್ತದೆ. ಬದುಕಿದವನದಾದರೆ ಇಸವಿ ಮಾತ್ರ, ಸತ್ತವನದಾದರೆ ಅಕ್ಷರ ಮಾತ್ರ. ಎರಡೂ ತಿಳಿಯದೆ ಅದರ ಬೆಲೆ ಯಾರಿಗೂ ತಿಳಿಯುವುದಿಲ್ಲ.

“ರಾಡೊವಾನನ ಗುಳಿಯಲ್ಲಿ ಎಸ್ ಇತ್ತಾ ಲೆಮುಯೆಲ್?”

ಅವನು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

“ಇತ್ತು. ವಾರ್ನಿಷಿನ ಅಡಿ ಮಸುಕಾಗಿ ಕಾಣ್ತಿತ್ತು. ನಮ್ಮ ಕಡೆ ಬಂದ ಡಾಲರು ಬಹಳಷ್ಟು ಆ ಟಂಕಸಾಲೆಯವೇ, ಅದರಲ್ಲೇನು ವಿಶೇಷ ಇಲ್ಲ. ಇಸವಿ ಮಾತ್ರ ಬುಧವಾರ ಗೊತ್ತಾಯ್ತು. ಮಿಲ್ಕಾ ಮಂಡಿ ನೋವಿನ ಎಣ್ಣೆಗೆ ಬಂದಿದ್ದಳು. ಗಂಡ ಅದನ್ನ ಕೂರಿಸೋ ಮೊದಲು ತೋರಿಸಿದ್ನಂತೆ, ತೊಂಬತ್ತಮೂರು, ಅವಳಪ್ಪ ಹುಟ್ಟಿದ ಇಸವಿ ಅಂತ ನೆನಪಿಟ್ಕೊಂಡಿದ್ದಳಂತೆ.”

“ನೀವು ಅದರ ಬೆಲೆ ಬಾಯಿ ಬಿಟ್ಟುಬಿಟ್ರಿ.”

“ಖುಷಿಗೆ ಕಣಮ್ಮ! ಖುಷಿಗೆ ಹೇಳಿದೆ. ಆಯಮ್ಮ ಕೂತ್ಕೊಂಡು ಅತ್ತಳು.”

*

ಮಿಲ್ಕಾ ವುಚಿನಿಚ್ ಊರಿಗೆಲ್ಲ ತೇತ್ಕಾ. ಸರ್ಬಿಯದವರು ಅತ್ತೆಯನ್ನು ಕರೆಯುವ ಹೆಸರದು, ಐರಿಷರ ಮಗಳಾದ ನನಗೂ ಅವಳು ತೇತ್ಕಾನೇ. ಬಾಗಿಲು ತೆಗೆದವಳು ನನ್ನ ಬೂಟು ನೋಡಿ ಬೈದಳು, ಹಿಮ ಕೊಡವಿಸಿದಳು, ಅಡುಗೆಮನೆಯಲ್ಲಿ ಕೂರಿಸಿ ಅಕ್ರೋಟಿನ ಸಿಹಿ ರೊಟ್ಟಿಯ ದಪ್ಪ ತುಂಡೊಂದನ್ನು ಮುಂದೆ ತಳ್ಳಿದಳು.

“ತಿನ್ನು. ಪೊಲೀಸಾದ ಮೇಲೆ ಕೋಲಾಗಿದೀಯ. ಗಂಡಸರು ಹೆದರಿ ಹತ್ರ ಬರಲ್ಲ.”

“ತೇತ್ಕಾ, ನಾನು ಯಾಕೆ ಬಂದಿದೀನಿ ಅಂತ ಗೊತ್ತಲ್ಲ?”

“ರೊಟ್ಟಿಗೆ.”

“ಕೌಂಟರಿನ ಮೇಲೆ ನಿಮ್ಮ ಕೊಪ್ಪರಿಗೆಯ ಗುರುತು ಬಿದ್ದಿದೆ. ರಾಡೊವಾನ್ ಮಾವನ ಜಾಗದ ಮೇಲೇ.”

ಅವಳು ಒಲೆಯ ಮೇಲಿನ ಕಾಫಿ ಪಾತ್ರೆ ತೆಗೆದಳು. ನನ್ನ ಬಟ್ಟಲು ತುಂಬಿಸಿ, ತನ್ನದನ್ನೂ ತುಂಬಿಸಿಕೊಂಡು, ಎದುರಿಗೆ ಕೂತಳು.

“ಹೂಂ, ನಾನೇ ತೆಗೆದೆ. ಏನೀಗ? ಅದು ನನ್ನ ಗಂಡಂದು. ಹಾಕಿಂಗ್ ಎಲ್ಲಾನೂ ಕುಲುಮೆಗೆ ಹಾಕ್ತೀನಿ ಅಂತ ಕುಣೀತಿದ್ದ. ಮಣ್ಣು ನನ್ನ ಗಂಡನ್ನ ಒಂದು ಸಲ ನುಂಗ್ತು, ಹೆಣ ಕೂಡ ಪೂರ್ತಿ ಸಿಗಲಿಲ್ಲ. ಉಳಿದಿದ್ದು ಅದೊಂದು. ಅದನ್ನೂ ಬೆಂಕಿಗೆ ಹಾಕೋಕೆ ಬಿಡ್ಲಾ?”

ನಾನು ರೊಟ್ಟಿಯ ತುಂಡನ್ನು ಪಕ್ಕಕ್ಕೆ ಸರಿಸಿದೆ.

“ಅದು ಸರಿ. ಆದರೆ ಟೋಯ್ವೊ ಒಳಗೆ ಕೂತಿದಾರೆ ತೇತ್ಕಾ! ಮಾವನ ಜೊತೆಗಾರ. ನಿಮಗೆ ಪ್ರತೀ ಚಳಿಗಾಲ ಸೌದೆ ಒಡೆದು ಕೊಟ್ಟವರು. ರಾತ್ರಿಯೆಲ್ಲ ಕೆಮ್ಮಿ ರಕ್ತ ಉಗುಳ್ತಿದಾರೆ. ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?”

“ಹೇಳಬೇಕು ಅಂತಾನೇ ಕೋಟು ಹಾಕ್ಕೊಂಡಿದ್ದೆ.”

“ಮತ್ತೆ?”

ಅವಳು ಎದ್ದು, ದೇವರ ಪಟದ ಹಿಂದಿನಿಂದ ಕರವಸ್ತ್ರದ ಗಂಟೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಡಾಲರು ಹೊಸ ಚಮಚದಂತೆ ಫಳಫಳ ಹೊಳೆಯುತ್ತಿತ್ತು. ಅಡುಗೆ ಸೋಡಾ ಹಾಕಿ ಚೆನ್ನಾಗಿ ಉಜ್ಜಿದ್ದಳು. ಹಳೆ ನಾಣ್ಯ ಉಜ್ಜಿದರೆ ಅದರ ಬೆಲೆಯೂ ಉಜ್ಜಿಹೋಗುತ್ತದೆ. ಬ್ರಾಂಟ್ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದ.

“ಕಪ್ಪಾಗಿತ್ತು, ಏನೂ ಕಾಣ್ತಿರಲಿಲ್ಲ. ಉಜ್ಜಿದೆ. ಉಜ್ಜಿ ತಿರುಗಿಸಿದೆ. ನೀನೂ ತಿರುಗಿಸು.”

ತಿರುಗಿಸಿದೆ. ಹೆಣ್ಣಿನ ಕತ್ತಿನ ಕೆಳಗೆ ಸ್ಪಷ್ಟವಾಗಿತ್ತು: 1921.

“ಇದು ರಾಡೊವಾನಂದಲ್ಲ,” ಎಂದಳು ಮಿಲ್ಕಾ. “ನಮ್ಮಪ್ಪನ ಇಸವಿ ನಾನು ಮರೀತೀನಾ? ಅವನದನ್ನ ಯಾರೋ ತೆಗೆದು ಈ ಕಸ ಇಟ್ಟಿದಾರೆ. ಯಾವಾಗ ಇಡೋಕೆ ಸಾಧ್ಯ? ಕೂರಿಸಿದಾಗಿಂದ ಒಂದೇ ಒಂದು ಸಲ ಅದು ಗುಳಿ ಬಿಟ್ಟು ಎದ್ದಿದ್ದು. ಆವತ್ತು ನಾವೆಲ್ಲ ಬೆನ್ನು ತಿರುಗಿಸಿ ನಿಂತಿದ್ವಿ. ನಾನು ಗೋಡೆಗೆ ಹಣೆ ಕೊಟ್ಟು ಅಳ್ತಿದ್ದೆ. ಬೆನ್ನ ಹಿಂದೆ ಒಬ್ಬನೇ ಇದ್ದ.”

ಅವನ ಹೆಸರು ಹೇಳಬೇಕಾಗಿರಲಿಲ್ಲ.

“ನನ್ನ ಮನೆಯ ಸೌದೆ ಒಡೆದ. ನನ್ನ ಕೈಯ ಸಾರು ತಿಂದ. ನನ್ನ ಗಂಡನಿಗೆ ಅತ್ತ ಕಣ್ಣೀರು ಆರೋ ಮೊದಲೇ ಅವನ ಡಾಲರು ಜೇಬಿಗಿಟ್ಟ!” ಮಿಲ್ಕಾ ಮೇಜಿಗೆ ಅಂಗೈ ಬಡಿದಳು, ಕಾಫಿ ತುಳುಕಿತು. “ಒಳಗೆ ಕೂತಿದಾನಾ? ಕೂತಿರಲಿ. ಗುಳಿಯಿಂದ ತೆಗೆದವಳು ನಾನು, ಬರೆದ್ಕೋ. ಆದರೆ ಕಳ್ಳ ಅವನು. ಅದನ್ನೂ ಬರೆದ್ಕೋ.”

ಇವಳ ತಪ್ಪೊಪ್ಪಿಗೆ ತೆಗೆದುಕೊಂಡು ಓಡಿ, ಮುದುಕನನ್ನು ಬಿಡಿಸಿ, ಷೆರಿಫ್ ಮುಂದೆ ಎದೆಯುಬ್ಬಿಸಿ ನಿಲ್ಲಬೇಕೆಂದು ಬಂದವಳು ನಾನು. ಈಗ ಅದೇ ತಪ್ಪೊಪ್ಪಿಗೆ ಅವನ ಕೊರಳಿಗೆ ಹೊಸ ಹಗ್ಗವಾಗಿತ್ತು. ಶುಕ್ರವಾರದ ಕಳ್ಳತನಕ್ಕೆ ಅವನು ಹೊಣೆಯಲ್ಲ. ಆದರೆ ಪಿಕಪ್ ಗಾಡಿಯ ಬೆಲೆಯ ನಾಣ್ಯ ಮಾಯವಾದದ್ದು ಅವನ ಕೈಯಿಂದಲೇ.

“ಠಾಣೆಗೆ ಬಂದು ಹೇಳ್ತೀರಾ?”

“ಬಟ್ಟೆ ಬದಲಿಸಿ ಬರ್ತೀನಿ, ನಡಿ. ರೊಟ್ಟಿ ಬಿಟ್ಟು ಹೋಗಬೇಡ.”

ರೊಟ್ಟಿಯನ್ನೂ ಡಾಲರನ್ನೂ ಒಂದೇ ಜೇಬಿಗೆ ತುರುಕಿಕೊಂಡು ಹೊರಬಿದ್ದೆ.

*

ಟೋಯ್ವೊ ಲಾಕಪ್ಪಿನ ಬೆಂಚಿನ ಮೇಲೆ ಗೋಡೆಗೆ ಒರಗಿ ಕೂತಿದ್ದ. ಉಸಿರಾಟ ಹಳೆಯ ತಿದಿಯಂತೆ ಸುಯ್‌ಗುಡುತ್ತಿತ್ತು. ನಾನು ಕಂಬಿಯೊಳಗೆ ಕೈ ಚಾಚಿ ಡಾಲರು ತೋರಿಸಿದೆ.

“ಇದು ಯಾರದು?”

ನೋಡಿದ. ಬಹಳ ಹೊತ್ತು ನೋಡಿದ.

“ನನ್ನದು,” ಎಂದ. ಹಿಡಿದಾಗಿನಿಂದ ಅವನಾಡಿದ ಮೊದಲ ಮಾತು ಅದು.

“ರಾಡೊವಾನ್ ಮಾವನ ಗುಳಿಯಲ್ಲಿ ಇದು ಹೇಗೆ ಬಂತು?”

“ಮಿಲ್ಕಾ ತಿರುಗಿಸಿ ನೋಡಿಬಿಟ್ಟಳಾ?”

“ನೋಡಿದ್ರು. ಅವರೇ ತೆಗೆದಿದ್ದು ಅಂತ ನಿಮಗೆ ಮೊದಲೇ ಗೊತ್ತಿತ್ತಲ್ವಾ?”

“ಕೊಪ್ಪರಿಗೆ ಎತ್ತಿದಾಗ ಗುಳಿ ಖಾಲಿ ಇತ್ತು. ನಾನೇ ಒರೆಸಿದ್ದು.” ಕೆಮ್ಮು ಬಂತು, ತಡೆದುಕೊಂಡ. “ಅವಳ ಹೆಸರು ಹೇಳಿದ್ರೆ ಅವಳಿಂದ ಕಿತ್ಕೋತೀರಿ. ಕಿತ್ಕೊಂಡ್ರೆ ತಿರುಗಿಸ್ತೀರಿ. ಅದಕ್ಕೇ ಸುಮ್ಮನಿದ್ದೆ. ಅವಳಾದ್ರೆ ಹಾಗೇ ಎತ್ತಿಡ್ತಾಳೆ ಅಂದ್ಕೊಂಡಿದ್ದೆ.”

“ಅವರು ನಿಮ್ಮನ್ನ ಕಳ್ಳ ಅಂತಿದಾರೆ ಟೋಯ್ವೊ.”

ಆ ಮಾತು ಅವನಿಗೆ ತಾಗಿತು. ಕಣ್ಣು ಮುಚ್ಚಿಕೊಂಡ. ನಾನು ನೀರು ಕೊಟ್ಟೆ. ಎರಡು ಗುಟುಕು ಕುಡಿದು, ಗೋಡೆಯನ್ನು ನೋಡುತ್ತಾ, ಒಂದೊಂದೇ ಮಾತನ್ನು ಒಳಗಿನಿಂದ ಅಗೆದು ತೆಗೆಯುವವನಂತೆ ಹೇಳತೊಡಗಿದ.

“ಆವತ್ತು ಸುರಂಗದ ತುದೀಲಿ ನಿಂತು ಕೊರೆಯೋದು ನನ್ನ ಸರದಿ. ನನಗೆ ಜ್ವರ. ‘ನೀನು ಹಿಂದಿರು, ಫಿನ್‌ಲೆಂಡಿನ ಮಂಜುಗಡ್ಡೆ ಕರಗಿಬಿಡುತ್ತೆ’ ಅಂತ ತಮಾಷೆ ಮಾಡಿ ಅವನು ಮುಂದೆ ಹೋದ. ಆಮೇಲೆ ಕುಸೀತು. ಸಾಯಬೇಕಾದವನು ನಾನು.”

“ಟೋಯ್ವೊ…”

“ಕೇಳು. ಬಾರಲ್ಲಿ ಎಲ್ಲರೂ ಬೆನ್ನು ತಿರುಗಿಸಿದ್ರು. ಅವನ ಡಾಲರು ಎಬ್ಬಿಸಿ ಕೈಯಲ್ಲಿ ಹಿಡ್ಕೊಂಡೆ. ಮುಖ ಅಡಿಗೆ ಹಾಕಬೇಕು. ಕೈ ಬರಲಿಲ್ಲ. ನನ್ನ ಜಾಗ ಪಕ್ಕದಲ್ಲೇ, ಒಲೆ ಹತ್ರ. ನನ್ನದನ್ನ ಎಬ್ಬಿಸಿ, ಮಗುಚಿ, ಅವನ ಗುಳಿಗೆ ಹಾಕಿದೆ. ಅವನದನ್ನ ಮುಖ ಮೇಲೆ ಮಾಡಿ ನನ್ನ ಗುಳಿಯಲ್ಲಿ ಕೂರಿಸಿದೆ. ಸತ್ತವನು ನಾನು ಅಂತ ಆಗಲಿ. ಅವನು ಅಲ್ಲಿ ಮೇಲೆ ನೋಡ್ತಾ ಇರಲಿ.”

ನಾನು ಕಂಬಿಗೆ ಇನ್ನಷ್ಟು ಹತ್ತಿರ ಬಗ್ಗಿದೆ.

“ಅಂದ್ರೆ ಅದು ಇಷ್ಟು ವರ್ಷದಿಂದ ಕೌಂಟರಲ್ಲೇ ಇದೆಯಾ? ನಿಮ್ಮ ಗುಳಿಯಲ್ಲಿ?”

“ಎಲ್ಲಿಗೆ ಹೋಗುತ್ತೆ? ಅದರ ಮೇಲೆ ನನ್ನ ಕಾಫಿ ಬಟ್ಟಲು ಇಟ್ಕೊಂಡು ಕೂತಿರ್ತೀನಲ್ಲ. ಕರ್ರಗಾಗಿದೆ. ಯಾರೂ ಕೇಳಲಿಲ್ಲ.”

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಊರೆಲ್ಲ ಹುಡುಕಿದ ಡಾಲರು ಹುಡುಕಿದವರ ಮೊಣಕೈಯ ಕೆಳಗೇ ಇತ್ತು. ಆ ಗುಳಿಯಿಂದ ಅದನ್ನು ಎಬ್ಬಿಸಿ, ಸಾಕ್ಷಿಗಳ ಮುಂದೆ ತಿರುಗಿಸಿ, 1893 ಮತ್ತು ಎಸ್ ಎರಡನ್ನೂ ತೋರಿಸಿದರೆ ಸಾಕು. ಮುದುಕ ಒಂದು ಕಾಸೂ ಕದ್ದಿಲ್ಲವೆಂದು ಮಿಲ್ಕಾಳಿಗೂ ತಿಳಿಯುತ್ತದೆ, ನ್ಯಾಯಾಧೀಶರಿಗೂ ತಿಳಿಯುತ್ತದೆ. ಅದು ಅವನ ಗುಳಿಯಲ್ಲಿಲ್ಲದಿದ್ದರೆ ಈ ಕಥೆಯನ್ನು ನಂಬುವವರು ಊರಲ್ಲಿ ನಾನೊಬ್ಬಳೇ.

ಅಷ್ಟರಲ್ಲಿ ಸೈರನ್ ಕೂಗಿತು.

*

ಠಾಣೆಯಿಂದ ಬಾರಿಗೆ ಒಂದೇ ಬೀದಿ. ಹೆಪ್ಪುಗಟ್ಟಿದ ಹಿಮದ ಮೇಲೆ ಜಾರುತ್ತಾ, ಬೀಳುತ್ತಾ ಓಡಿದೆ. ಬಾಗಿಲು ತಳ್ಳಿದಾಗ ಕಣ್ಣಿಗೆ ಬಿದ್ದದ್ದು ಕೌಂಟರು. ಉದ್ದಕ್ಕೂ ಗುಳಿಗಳು. ಎಲ್ಲ ಖಾಲಿ. ಒಲೆಯ ಹತ್ತಿರದ್ದೂ ಖಾಲಿ.

“ಸೈರನ್ ತನಕ ಕಾಯೋಕೆ ಅವರು ಬಿಡಲಿಲ್ಲ,” ಹಾಕಿಂಗ್ ಕೈ ಎತ್ತಿದ. “ಬೆಳ್ಳಿಯವನು ತನ್ನ ವ್ಯಾನು, ತನ್ನ ಆಳುಗಳನ್ನ ಕರ್ಕೊಂಡೇ ಬಂದಿದ್ದ. ಚಕಚಕ ಕಿತ್ರು, ಮೂಟೆ ಕಟ್ಟಿದ್ರು, ತೂಗಿದ್ರು, ಹೆದ್ದಾರಿ ಹಿಡಿದು ಹೋದ್ರು. ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ ಪುಣ್ಯಾತ್ಮರು.”

“ಟೋಯ್ವೊಂದು? ಟೋಯ್ವೊಂದೂ ಹೋಯ್ತಾ?”

“ಅದನ್ನ ನಾನು ಬಿಟ್ಟಿದ್ದೆ ಬ್ರೀಡಾ, ದೇವರಾಣೆ. ಬದುಕಿರೋ ಮನುಷ್ಯ, ಒಳಗೆ ಕೂತಿದಾನೆ, ಮನಸ್ಸು ಬರಲಿಲ್ಲ. ಅದು ಬೇಡ ಅಂತ ಅವರಿಗೂ ಹೇಳಿದ್ದೆ.”

ಅವನು ಒಲೆಯ ಕಡೆ ನೋಡಿದ.

ಅಲ್ಲಿ, ಟೋಯ್ವೊ ಕೂರುವ ಸ್ಟೂಲಿನ ಮೇಲೆ, ಮಿಲ್ಕಾ ಕೂತಿದ್ದಳು. ಚರ್ಚಿಗೆ ಹೋಗುವ ಕಪ್ಪು ಕೋಟು, ತಲೆಗೆ ಬಿಗಿದ ಕಪ್ಪು ವಸ್ತ್ರ. ಮುಂದೆ ಪ್ಲಮ್ ಹಣ್ಣಿನ ಬ್ರಾಂದಿಯ ಪುಟ್ಟ ಲೋಟ. ಮೊಣಕಾಲ ಮೇಲೆ ಹಾಕಿಂಗನ ಉಳಿ.

“ಠಾಣೆಗೇ ಬರ್ತಿದ್ದೆ,” ಎಂದಳು. “ದಾರೀಲಿ ಇವರು ಕೀಳ್ತಾ ಇರೋದು ಕಂಡೆ. ಸತ್ತವರದ್ದೆಲ್ಲ ಹೋಗ್ತಿದೆ, ಕಳ್ಳಂದು ಮಾತ್ರ ಮಹಾರಾಜನ ಹಾಗೆ ಕೂತಿದೆ. ನನ್ನ ಗಂಡನ್ನ ಮಾರಿಕೊಂಡವನ ಗುರುತು ಈ ಊರಲ್ಲಿ ಯಾಕಿರಬೇಕು? ನಾನೇ ಎಬ್ಬಿಸಿ, ನಾನೇ ಮೂಟೆಗೆ ಹಾಕಿದೆ. ಕರಗಲಿ.”

“ತೇತ್ಕಾ.” ನಾನು ಅವಳ ಮುಂದಿನ ಖಾಲಿ ಗುಳಿಯ ಮೇಲೆ ಬೆರಳಿಟ್ಟೆ. “ಹಾಕೋ ಮೊದಲು ಅದರ ಇಸವಿ ನೋಡಿದ್ರಾ?”

ಅವಳು ಲೋಟ ಎತ್ತಿ ಒಂದೇ ಗುಟುಕಿಗೆ ಬರಿದು ಮಾಡಿದಳು.

“ಕಳ್ಳನ ಡಾಲರಿನ ಇಸವಿ ನಾನ್ಯಾಕೆ ನೋಡ್ಲಿ?”